ಓಟಿನ ಹಿಂದಿನ ರಾತ್ರಿ ಲೆಕ್ಕ ಹಾಕ್ರಿ

ಲೋಕಸಭೆ ಚುನಾವಣೆಯ ಬಹಿರಂಗ ಪ್ರಚಾರ ಮತದಾನ ಮುಗಿಯುವ 48 ಗಂಟೆ ಮೊದಲೇ ಬಂದ್. ಮೈಕು ಸುಮ್ಮನಾಗುತ್ತದೆ, ಬ್ರಾಂದಿ ಅಂಗಡಿಗೆ ಬೀಗ ಬೀಳುತ್ತದೆ. ಆಮೇಲೆ ಶುರುವಾಗುವುದು ಪಿಸುಮಾತು. "ಯಣ್ಣಾ, ನಿಮ್ಮ ಮನ್ಯಾಗ ಎಷ್ಟು ಓಟು ಅದಾವ?" ಎಂದು ಕತ್ತಲಲ್ಲಿ ಬಂದು ಕೇಳುವವನು ಕ್ಷೇಮಸಮಾಚಾರಕ್ಕೆ ಬಂದವನಲ್ಲ.

ಅಂಗಡಿಕಾರರು ಲೆಕ್ಕದಲ್ಲಿ ಗಟ್ಟಿಗರು. ಅವರೇ ಹೇಳಲಿ. ಐದು ವರ್ಷಕ್ಕೆ 1,826 ದಿನ. ಓಟಿಗೆ 500 ರೂಪಾಯಿ ಸಿಕ್ಕಿತೆಂದರೆ ದಿನಕ್ಕೆ 27 ಪೈಸೆ. ಈ ದುಡ್ಡಿಗೆ ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ. ಮೇಲಾಗಿ ಓಟಿಗೆ ಕೊಡುವವನದಷ್ಟೇ ಅಲ್ಲ, ತೆಗೆದುಕೊಳ್ಳುವವನದೂ ಅಪರಾಧ.

"ನಂದೊಂದು ಓಟಿನಿಂದ ಏನಾಗ್ತದ ಬಿಡ್ರಿ" ಎನ್ನುವವರು ಬಸ್ಸಿನಲ್ಲಿ ದಿನಾ ಸಿಗುತ್ತಾರೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಚಿಂಚೋಳಿಯ ಫಲಿತಾಂಶ ತೀರ್ಮಾನವಾದದ್ದು 858 ಓಟಿನಲ್ಲಿ. ಬಸ್ಸಿಗೆ ಐವತ್ತು ಜನ ಹಿಡಿದರೆ ಹದಿನೇಳು ಬಸ್ಸು ಜನ, ಅಷ್ಟೇ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಗೆಲುವಿನ ಅಂತರ ಒಂದೇ ಒಂದು ಓಟು. ಗುಲಬರ್ಗಾ ಲೋಕಸಭೆ ಕ್ಷೇತ್ರದಲ್ಲಿ 2019ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು ಉಮೇಶ ಜಾಧವ 95,452 ಓಟಿನಿಂದ ಸೋಲಿಸಿದರು. 2024ರಲ್ಲಿ ಅದೇ ಜಾಧವರು ರಾಧಾಕೃಷ್ಣ ದೊಡ್ಡಮನಿಯವರೆದುರು 27,205 ಓಟಿನಿಂದ ಸೋತರು. ಈ ಕ್ಷೇತ್ರ ಯಾರ ಅಪ್ಪನ ಆಸ್ತಿಯೂ ಅಲ್ಲ ಎಂದು ಮತದಾರರೇ ತೋರಿಸಿದ್ದಾರೆ.

ಯಾವ ಊರು ಯಾರಿಗೆ?

ಇಲ್ಲೇ ಬಹಳ ಜನ ಮುಗ್ಗರಿಸುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದದವರ ಓಟು ಗುಲಬರ್ಗಾ ಎಂಪಿಗೆ. ಚಿಂಚೋಳಿ ಕ್ಷೇತ್ರದವರದು ಬೀದರ ಎಂಪಿಗೆ. ಜಿಲ್ಲೆ ಒಂದೇ, ಎಂಪಿ ಇಬ್ಬರು. ಶಹಾಬಾದ ಹೆಸರಿನ ವಿಧಾನಸಭೆ ಕ್ಷೇತ್ರವಂತೂ 2008ರ ಪುನರ್ವಿಂಗಡಣೆಯಲ್ಲೇ ಮಾಯವಾಯಿತು.

ಎಂಪಿಗೆ ಏನು ಕೇಳಬೇಕೆಂಬುದೂ ಗೊತ್ತಿರಲಿ. ಓಣಿಯ ನಳ, ಚರಂಡಿ ಪುರಸಭೆಯ ಕೆಲಸ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ನಿಲ್ಲಬೇಕೆ, ತೊಗರಿಗೆ ಬೆಂಬಲ ಬೆಲೆ ಎಷ್ಟು, ಸಿಮೆಂಟ್ ಫ್ಯಾಕ್ಟರಿ ಕಾರ್ಮಿಕನ ಪಿ.ಎಫ್., ಇ.ಎಸ್.ಐ. ಏನಾಯಿತು — ಇವೆಲ್ಲ ದಿಲ್ಲಿಯ ಕೆಲಸ. ಇದರ ಬಗ್ಗೆ ಬಾಯಿ ಬಿಡದ ಅಭ್ಯರ್ಥಿ ಜಾತಿ ಹೇಳಿ ಓಟು ಕೇಳಿದರೆ, ಅವನ ಹತ್ತಿರ ಹೇಳಲು ಬೇರೇನೂ ಇಲ್ಲವೆಂದೇ ತಿಳಿಯಬೇಕು.

ಬೂತಿಗೆ ಹೋಗುವ ಮುಂಚೆ

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡೂ ಉಪಯೋಗಕ್ಕೆ ಬಾರದು. ಹಿಂದಿನ ದಿನ ಓಡಾಡಿ ಹೆಸರು ಸೇರಿಸಲಿಕ್ಕೂ ಆಗದು, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಎಚ್ಚರಾಗಬೇಕು. 1950ಕ್ಕೆ ಫೋನು ಮಾಡಿದರೆ ಮಾಹಿತಿ ಸಿಗುತ್ತದೆ. ಹೆಸರಿದ್ದು ಗುರುತಿನ ಚೀಟಿ ಕಳೆದಿದ್ದರೆ ಗಾಬರಿ ಬೇಡ. ಆಧಾರ್, ಉದ್ಯೋಗ ಖಾತ್ರಿ ಕಾರ್ಡು, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತವೆ. ಮನೆಗೆ ಬಂದ ಓಟರ್ ಸ್ಲಿಪ್ ಒಂದೇ ಸಾಲದು.

ಮತದಾನದ ದಿನ ಕೂಲಿಕಾರರಿಗೂ ಪಗಾರಸಹಿತ ರಜೆ ಕೊಡಬೇಕೆಂಬುದು ಕಾಯಿದೆ. ಖಣಿಯ ಮಾಲೀಕರು, ಅಂಗಡಿ ಸಾವ್ಕಾರರು ಇದನ್ನು ಮರೆಯಬಾರದು. ಆಳುಗಳು ಕೇಳಲು ಹೆದರಬಾರದು.

2024ರ ಮೇ 7ರಂದು ಇಲ್ಲಿ ಬೆಳಿಗ್ಗೆ 7ರಿಂದ ಸಂಜೆ 6ರ ತನಕ ಮತದಾನ ನಡೆಯಿತು. ನಮ್ಮ ಕಡೆ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ತಂಪು ಹೊತ್ತಿನಲ್ಲೇ ಹೋಗುವುದು ಲೇಸು. ವೇಳೆ ಮುಗಿಯುವಾಗ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಓಟು ಹಾಕಿಸಲೇಬೇಕು. "ಟೈಮಾಯ್ತು, ನಡೀರಿ" ಎಂದರೆ ಕದಲಬ್ಯಾಡ್ರಿ.

ನಿಮ್ಮ ಹೆಸರಲ್ಲಿ ಬೇರೆ ಯಾರೋ ಓಟು ಹಾಕಿಹೋಗಿದ್ದರೆ ಸುಮ್ಮನೆ ಮನೆಗೆ ಬರಬಾರದು. ಗುರುತು ರುಜುವಾತು ಮಾಡಿ "ಟೆಂಡರ್ ಓಟು" ಕೇಳಬೇಕು. ಅಧಿಕಾರಿ ಕಾಗದದ ಮತಪತ್ರ ಕೊಡುತ್ತಾರೆ. ಮಷೀನಿನ ಗುಂಡಿ ಒತ್ತಿದ ಮೇಲೆ ಪಕ್ಕದ ಗಾಜಿನಲ್ಲಿ 7 ಸೆಕೆಂಡು ಚೀಟಿ ಕಾಣುತ್ತದೆ. ಅದನ್ನು ನೋಡಿಯೇ ಹೊರಗೆ ಬರಬೇಕು. ಯಾರೂ ಮನಸ್ಸಿಗೆ ಬಾರದಿದ್ದರೆ 2013ರಿಂದ ನೋಟಾ ಗುಂಡಿಯೂ ಇದೆ.

ಒಳಗೆ ಮತದಾರ ಒಬ್ಬನೇ. ಅಲ್ಲಿ ಸಾವ್ಕಾರನಿಲ್ಲ, ಗುತ್ತೇದಾರನಿಲ್ಲ, ಗಂಡನೂ ಇಲ್ಲ, ಮಾವನೂ ಇಲ್ಲ. ರಾತ್ರಿ ಬಂದು ಆಣೆ ಮಾಡಿಸಿಕೊಂಡು ಹೋದವನಿಗೂ ಆ ಗುಂಡಿ ಕಾಣುವುದಿಲ್ಲ.