ಅಕ್ಕಿ ಚೀಲದ ಮೇಲಿನ ಅಕ್ಷರ ತುಂಡಾಗಿದ್ದರೆ ಮಾಲು ನಕಲಿಯೇ?

ಸಿಂಧನೂರಿನ ಅಕ್ಕಿ ಗಿರಣಿಗಳಿಂದ ಹೊರಡುವ ಲಾರಿಗಳಲ್ಲಿ ಗೋಣಿಚೀಲಗಳನ್ನು ನೋಡಿರುತ್ತೀರಿ. ಅವುಗಳ ಮೇಲಿನ ದಪ್ಪ ಅಕ್ಷರಗಳು ಅಲ್ಲಲ್ಲಿ ತುಂಡಾಗಿರುತ್ತವೆ. ಸೊನ್ನೆ ಎರಡು ಅರ್ಧಚಂದ್ರಗಳಂತೆ ಕಾಣುತ್ತದೆ. ‘ಅಕ್ಷರವೇ ಸರಿಯಿಲ್ಲ, ಮಾಲು ನಕಲಿ ಇರಬೇಕು’ ಎಂದು ಯಾರಾದರೂ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ನೀವೂ ಫಾರ್ವರ್ಡ್ ಮಾಡುತ್ತೀರಾ? ಸ್ವಲ್ಪ ತಾಳಿ. ಅಕ್ಷರ ತುಂಡಾಗಿರುವುದಕ್ಕೂ ಒಳಗಿನ ಅಕ್ಕಿಗೂ ಸಂಬಂಧವೇ ಇಲ್ಲ.

ಇದು ಸ್ಟೆನ್ಸಿಲ್ ಬರಹ. ತಗಡಿನಲ್ಲೋ ದಪ್ಪ ರಟ್ಟಿನಲ್ಲೋ ಅಕ್ಷರದ ಆಕಾರ ಕತ್ತರಿಸಿ, ಅದನ್ನು ಚೀಲದ ಮೇಲಿಟ್ಟು ಬಣ್ಣ ಬಳಿಯುತ್ತಾರೆ. ಮನೆಯಲ್ಲೇ ಮಾಡಿ ನೋಡಬಹುದು. ಒಂದು ರಟ್ಟಿನ ಮೇಲೆ ‘ಸಿಂಧನೂರು’ ಎಂದು ದಪ್ಪಗೆ ಬರೆದು ಬ್ಲೇಡಿನಿಂದ ಕತ್ತರಿಸಿ. ಸೊನ್ನೆಯನ್ನು ಸುತ್ತು ಹಾಕಿ ಕತ್ತರಿಸಿದ ಕೂಡಲೇ ಅದರ ನಡುವಿನ ಚೂರೂ ಉದುರುತ್ತದೆ. ‘ರು’ ಅಕ್ಷರದ ಹೊಟ್ಟೆಯದೂ ಅದೇ ಪಾಡು. ಈಗ ಬಣ್ಣ ಬಳಿದರೆ ಸೊನ್ನೆಯ ಜಾಗದಲ್ಲಿ ಕಪ್ಪು ಗುಂಡು ಮೂಡುತ್ತದೆ. ನಡುವಿನ ಚೂರು ಉದುರಬಾರದೆಂದರೆ ಅದನ್ನು ಹೊರಗಿನ ರಟ್ಟಿಗೆ ಹಿಡಿದಿಡುವ ಸಣ್ಣ ಪಟ್ಟಿಯೊಂದನ್ನು ಕತ್ತರಿಸದೆ ಬಿಡಬೇಕು, ಹೊಳೆಗೆ ಸೇತುವೆ ಇದ್ದಂತೆ. ಆ ಪಟ್ಟಿಯ ಕೆಳಗೆ ಬಣ್ಣ ತಾಗುವುದಿಲ್ಲ. ನೀವು ಕಂಡ ತುಂಡು ಅದೇ.

ಪಕ್ಕದ ಮಸ್ಕಿಯ ಬಂಡೆಗೆ ಈ ರಗಳೆ ಇರಲಿಲ್ಲ. 1915ರಲ್ಲಿ ಪತ್ತೆಯಾದ ಅಶೋಕನ ಶಾಸನದಲ್ಲಿ ಬ್ರಾಹ್ಮಿಯ ‘ವ’ ಪೂರ್ತಿ ಮುಚ್ಚಿದ ದುಂಡು, ಮೇಲೊಂದು ಗೀಟು. ಕಲ್ಲಿನಲ್ಲಿ ಗೆರೆಯನ್ನಷ್ಟೇ ಕೊರೆಯುತ್ತಾರೆ, ನಡುವಿನ ಭಾಗ ಹಿಂದಿನ ಬಂಡೆಗೆ ಅಂಟಿಕೊಂಡೇ ಇರುತ್ತದೆ. ತೆಳು ತಗಡಿಗೆ ಹಿಂದೆ ಆಧಾರವಿಲ್ಲ.

ಅನಿವಾರ್ಯವಾಗಿ ಬಂದ ಈ ತುಂಡು ಆಮೇಲೆ ಫ್ಯಾಷನ್ ಆಯಿತು. 1937ರಲ್ಲಿ ಅಮೆರಿಕದ ಎರಡು ಅಚ್ಚುಮೊಳೆ ಕಂಪನಿಗಳು ‘ಸ್ಟೆನ್ಸಿಲ್’ ಹೆಸರಿನಲ್ಲೇ ಒಂದೊಂದು ಇಂಗ್ಲಿಷ್ ಫಾಂಟ್ ತಂದವು. ಸೈನ್ಯದ ಪೆಟ್ಟಿಗೆಗಳ ನೆನಪು ತರುವುದರಿಂದ ಸಿನಿಮಾ ಪೋಸ್ಟರ್, ಜಿಮ್ ಬೋರ್ಡು, ಟೀ ಶರ್ಟುಗಳಲ್ಲಿ ಈಗಲೂ ಅಂಥ ಒರಟು ಅಕ್ಷರ ಕಾಣುತ್ತದೆ. ಅಂಚು ಸವೆದಂತೆ ಬೇಕೆಂದೇ ಮಾಡುತ್ತಾರೆ. ಒಂದೆರಡು ದೊಡ್ಡ ಪದಗಳಿಗೆ ಚೆನ್ನ. ಸಣ್ಣ ಅಕ್ಷರದ ಕನ್ನಡಕ್ಕೆ ಬೇಡ ಎನ್ನುತ್ತೇವೆ ನಾವು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಪುಟ್ಟ ಗೀಟು. ತುಂಡು ಅಲ್ಲೇ ಬಿದ್ದರೆ ಓದುವುದು ಹೇಗೆ? ‘ಲಿಂಗಸುಗೂರು’ ಎಂಬಂಥ ಉದ್ದದ ಹೆಸರನ್ನು ಸಣ್ಣದಾಗಿ ಹಾಕಿದರಂತೂ ಕಣ್ಣಿಗೆ ಕೆಲಸ ಜಾಸ್ತಿ.

ಹಾಗೆಂದು ಸ್ಟೆನ್ಸಿಲ್ ಇದ್ದರೆ ಮಾಲು ಅಸಲಿ ಎಂದೂ ನಂಬಬೇಡಿ. ಸರ್ಕಾರಿ ಖರೀದಿಯ ಚೀಲಗಳ ಮೇಲೆ ಗಿರಣಿಯ ಹೆಸರು, ಬೆಳೆಯ ವರ್ಷ ಹೀಗೆ ಮೂಡಿಸುತ್ತಾರೆ ನಿಜ. ಆದರೆ ತಗಡು ಕತ್ತರಿಸುವುದು ಯಾರಿಗೂ ಕಷ್ಟವಲ್ಲ. ಅಂಗಡಿಯಲ್ಲಿ ಪ್ಯಾಕ್ ಆದ ಅಕ್ಕಿ ಕೊಳ್ಳುವಾಗ ಅನುಮಾನ ಬಂದರೆ ಎಫ್‌ಎಸ್‌ಎಸ್‌ಎಐ ಗುರುತಿನ ಜೊತೆಗಿನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಹುಡುಕಿ. ಅದು ಯಾರ ಹೆಸರಿನಲ್ಲಿದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನಿಮ್ಮ ಮೊಬೈಲಿನಲ್ಲೇ ನೋಡಬಹುದು.