ಸಮಾಜ ಪಾಠ ತಲೆಗೆ ಹತ್ತುವುದಿಲ್ಲವೇ?



ಸಮಾಜ ವಿಜ್ಞಾನವೆಂದರೆ ಬರೀ ಇಸವಿಗಳ ಮೂಟೆ ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಿರಬಹುದು. ವಿಜ್ಞಾನ ಓದಿದ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡದ್ದು ನೆನಪಿನಲ್ಲಿ ಉಳಿಯುತ್ತಿತ್ತು. ಬಾಯಿಪಾಠ ಮಾಡಿದ್ದು ಪರೀಕ್ಷೆಯ ಮರುದಿನವೇ ಮಾಯವಾಗುತ್ತಿತ್ತು. ರಾಯಚೂರು ಜಿಲ್ಲೆಯಲ್ಲಿ ಇದರ ಜೊತೆಗೆ ಇನ್ನೊಂದು ತೊಂದರೆಯೂ ಇದೆ. ಮಳೆ ಕೈಕೊಟ್ಟ ವರ್ಷ ಮನೆಮಂದಿ ಗುಳೆ ಹೋದರೆ ಮಕ್ಕಳಿಗೆ ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ. ಮರಳಿ ಬಂದವರನ್ನು ‘ದಡ್ಡರು’ ಎನ್ನುವುದು ಸರಿಯೇ?

ಇಂಥವರಿಗೆ ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಅವರು ಬಲ್ಲ ಊರಿನಿಂದಲೇ ಆರಂಭಿಸಬಹುದು.

ಮಸ್ಕಿಯನ್ನು ತೆಗೆದುಕೊಳ್ಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಓದನ್ನು ಬಿಡಿಸಿದರು. ಆದರೆ ಆಗ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡರು. ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು! ಊಹೆಗೆ ಸಾಕ್ಷಿ ದೊರೆಯಿತು. ಗಣಿ ಇಂಜಿನಿಯರಿಗೆ ಈ ಸೀಮೆಯಲ್ಲೇನು ಕೆಲಸ ಎಂದು ಕೇಳಿದರೆ ಉತ್ತರ ಈ ನೆಲದಲ್ಲೇ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಹೀಗೆ ಚರಿತ್ರೆಯ ಪಾಠ ಭೂಗೋಳಕ್ಕೆ ಬಂದು ಸೇರುತ್ತದೆ.

ಇನ್ನು ಪೌರನೀತಿ. ಅದಕ್ಕೆ ಸಿಂಧನೂರಿನ ಕಾಲುವೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆಲ್ಲ ಕೊನೆಯ ಭಾಗದ ಹೊಲಗಳಿಗೆ ನೀರು ಸಾಲದಾಯಿತು. ತರಗತಿಯಲ್ಲಿ ಒಂದು ಗುಂಪು ಮೇಲ್ಭಾಗದ ರೈತರಾಗಲಿ, ಇನ್ನೊಂದು ಕೊನೆಯ ಭಾಗದವರಾಗಲಿ, ಮೂರನೆಯದು ನೀರಾವರಿ ಸಲಹಾ ಸಮಿತಿಯಾಗಿ ಕುಳಿತು ನೀರು ಹಂಚಲಿ. ಓದಲು ತಡವರಿಸುವ ಹುಡುಗನೂ ಇಲ್ಲಿ ಎದ್ದು ವಾದಿಸುತ್ತಾನೆ, ಏಕೆಂದರೆ ಅದು ಅವನ ಅಪ್ಪನ ಹೊಲದ ಮಾತು. ಹಕ್ಕು, ಕರ್ತವ್ಯ, ಸಮಾನತೆ ಎಂಬ ಪದಗಳಿಗೆ ಆಗ ಅರ್ಥ ಬರುತ್ತದೆ. ಆಡಿದ ಮಾತನ್ನೇ ನಾಲ್ಕು ವಾಕ್ಯಗಳಲ್ಲಿ ಬರೆದರೆ ಪರೀಕ್ಷೆಯ ಉತ್ತರವೂ ಸಿದ್ಧವಾಗುತ್ತದೆ.

ಇದು ಅಂಕಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಪರೀಕ್ಷೆಯಲ್ಲಿ ನಪಾಸಾದವನಿಗೂ ಒಂದು ಮತ, ಮೊದಲ ದರ್ಜೆಯವನಿಗೂ ಒಂದೇ ಮತ. ಅದಕ್ಕೂ ಮೊದಲೇ ಮಾತನಾಡಲು ಮಕ್ಕಳ ಗ್ರಾಮಸಭೆ ಇದೆ. ಶಾಲೆಗೆ ನೀರಿಲ್ಲ, ಬಸ್ಸು ನಿಲ್ಲುವುದಿಲ್ಲ ಎಂಬ ದೂರನ್ನು ಪಂಚಾಯಿತಿಯವರ ಮುಂದೆ ಅಲ್ಲಿ ನೀವೇ ಹೇಳಬಹುದು. ಕೇಳಲು ಕಲಿಯದವನ ಪಾಲಿಗೆ ಈ ಹಕ್ಕುಗಳು ಕಾಗದದ ಮೇಲೆಯೇ ಉಳಿಯುತ್ತವೆ.

ಮಸ್ಕಿಯ ಆ ಶಾಸನ ಹೇಳುವುದಾದರೂ ಏನು? ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ನಿಷ್ಠೆಯಿದ್ದರೆ ಸಾಮಾನ್ಯನೂ ಅದನ್ನು ಪಡೆಯಬಲ್ಲ ಎಂದು. ನಿಮ್ಮ ತರಗತಿಯ ಹಿಂದಿನ ಬೆಂಚಿನ ಗೆಳೆಯನನ್ನು ಒಂದು ಭಾನುವಾರ ಆ ಬಂಡೆಯ ಬಳಿಗೆ ಕರೆದುಕೊಂಡು ಹೋಗಿ ಬನ್ನಿ.