ಗಡಿ ಗೆರೆಗೆ ಆಧಾರ ಈ ಆಂಟೆನಾ

ಪುಣೆ ಜಿಲ್ಲೆ, ಪುರಂದರ ತಾಲೂಕು, ಸೋನೋರಿ ಗ್ರಾಮ. ಇಡೀ ಊರಿನ ಮೇಲೆ ಡ್ರೋನ್ ಹಾರಿಸಿ ಮನೆಮನೆಯ ನಕ್ಷೆ ತೆಗೆಯುವ ಪ್ರಯೋಗಕ್ಕೆ ಮಹಾರಾಷ್ಟ್ರ ಆರಿಸಿಕೊಂಡ ಹಳ್ಳಿ ಇದು. 2020ರಲ್ಲಿ ಇಂಥದ್ದೇ ಕೆಲಸ ಸ್ವಾಮಿತ್ವ ಯೋಜನೆಯಾಗಿ ದೇಶದ ಹಳ್ಳಿಗಳಿಗೆ ಬಂತು. ಡ್ರೋನ್ ಬರುವ ಮೊದಲು ಮನೆಗಳ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ. ಆ ಗಡಿ ಗೆರೆ ನಕ್ಷೆಯಲ್ಲಿ ಸರಿಯಾದ ಜಾಗದಲ್ಲೇ ಕೂರಬೇಕು.

ನಮ್ಮ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ದಾರಿ ಹುಡುಕಲು ಅಷ್ಟು ಸಾಕು. ಅಣ್ಣತಮ್ಮಂದಿರ ನಡುವಿನ ಗೋಡೆಗೆ ಸಾಲದು!

ಇಲ್ಲಿ ನೆರವಿಗೆ ಬರುವುದೇ ಕಾರ್ಸ್ (CORS), ಅಂದರೆ ಸದಾ ಕೆಲಸ ಮಾಡುತ್ತಿರುವ ಆಧಾರ ಕೇಂದ್ರ. ಗಟ್ಟಿ ಕಂಬದ ಮೇಲೊಂದು ಆಂಟೆನಾ, ಜೊತೆಗೊಂದು ರಿಸೀವರ್. ಅದರ ಅಕ್ಷಾಂಶ, ರೇಖಾಂಶ, ಎತ್ತರ ಎಲ್ಲ ಮೊದಲೇ ಕರಾರುವಾಕ್ಕಾಗಿ ಅಳೆದಿಟ್ಟದ್ದು.

ಉಪಗ್ರಹದ ಸಂಕೇತ ವಾತಾವರಣ ದಾಟುವಾಗ ತುಸು ತಡವಾಗುತ್ತದೆ, ಲೆಕ್ಕ ತಪ್ಪುತ್ತದೆ. ತನ್ನ ನಿಜವಾದ ಜಾಗ ಗೊತ್ತಿರುವುದರಿಂದ ಎಷ್ಟು ತಪ್ಪಿತೆಂದು ಕೇಂದ್ರಕ್ಕೆ ತಿಳಿಯುತ್ತದೆ. ಆ ತಿದ್ದುಪಡಿ ಇಂಟರ್‌ನೆಟ್ಟಿನಲ್ಲಿ ಸರ್ವೆಯರ್ ಉಪಕರಣಕ್ಕೆ ತಲುಪಿದರೆ, ವ್ಯತ್ಯಾಸ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ.

ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಆ ಚಲನೆಯನ್ನೂ ಇಂಥ ಕೇಂದ್ರಗಳು ಹಿಡಿಯುತ್ತವೆ.

ಸರ್ವೆ ಆಫ್ ಇಂಡಿಯಾ ಈ ಜಾಲವನ್ನು ಮಹಾರಾಷ್ಟ್ರದಲ್ಲೂ ನಮ್ಮ ಕರ್ನಾಟಕದಲ್ಲೂ ಹರಡಿದೆ. ನಿಮ್ಮ ಜಮೀನು ಅಳೆಯಲು ಬಂದವರನ್ನು ಕೇಳಿ: ಈ ಅಳತೆಗೆ ಕಾರ್ಸ್ ಆಧಾರ ಇದೆಯೇ? ಕೇಳುವುದು ನಿಮ್ಮ ಹಕ್ಕು.